ಬೀರುವಿನಲ್ಲಿ ಉಳಿದ ಕಾರ್ಡುಗಳು

ಸುತ್ತಲಿನ ಶಾಲೆಗಳ ಒಂದು ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಆಗಿದ್ದಾಗ ಒಂದು ಶಾಲೆಗೆ ಭೇಟಿಗೆ ಹೋಗಿದ್ದೆ. ನಲಿ-ಕಲಿ ತರಗತಿ, ಅಂದರೆ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕೋಣೆ. ಗೋಡೆಯಲ್ಲಿ ಕಲಿಕೆಯ ಹಂತ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುಹಾಕುವ ಚಪ್ಪರ, ನೆಲದಲ್ಲಿ ಮಕ್ಕಳು ಗುಂಪಾಗಿ ಕೂರುವ ಜಾಗ ಗುರುತಿಸುವ ಐದು ತಟ್ಟೆ, ಎಲ್ಲಾ ಇತ್ತು. ಕಾರ್ಡುಗಳು ಮಾತ್ರ ಕಾಣಲಿಲ್ಲ. ಕೇಳಿದಾಗ ಟೀಚರ್ ಬೀರು ತೆಗೆದು ತೋರಿಸಿದರು. ಒಂದರ ಮೂಲೆಯೂ ಮಡಚಿರಲಿಲ್ಲ. "ಮಕ್ಕಳ ಕೈಗೆ ಕೊಟ್ಟರೆ ಹರಿಯುತ್ತೆ ಸಾರ್. ಆಮೇಲೆ ಲೆಕ್ಕ ಯಾರು ಕೊಡೋದು?" ಅಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದವರೆಲ್ಲ ಅವರನ್ನು ಕೇಳಿದ್ದು ದಾಸ್ತಾನು ವಹಿ. ಯಾವ ಮಗು ಏಣಿಯ ಯಾವ ಮೈಲಿಗಲ್ಲಿನಲ್ಲಿ ನಿಂತಿದೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಸೇರಿದಂತೆ.

ಇದೇ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ರೀತಿಯೇ ಬೇರೆ. ಯುನಿಸೆಫ್ ನೆರವಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ನೋಡಿದರು. ವಾಪಸ್ ಬಂದು ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು, ಕಾರ್ಡು ತಯಾರಿಸಲು ಕುಳಿತರು. ಕೈಯಾರೆ ಮಾಡಿದ ಕಾರ್ಡು ಕೆಲಸಕ್ಕೆ ಬರಲಿಲ್ಲ ಅಂದರೆ ಅದನ್ನು ತಿದ್ದೋಕೆ ಯಾರ ಅಪ್ಪಣೆ ಬೇಕು?

2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆಸೆ ಒಳ್ಳೆಯದೇ. ಆದರೆ ಅಚ್ಚಾದ ಕಾರ್ಡು ಊರೂರಿಗೆ ಬಂದ ಹಾಗೆ, ಅದನ್ನು ಮಾಡುವಾಗಿನ ಚರ್ಚೆ, ಜಗಳ, ತಿದ್ದುಪಡಿ ಬರಲಿಲ್ಲ. ತರಬೇತಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತಾ 'ಹೇಗೆ' ಅನ್ನೋದು ಉಳಿಯಿತು, 'ಯಾಕೆ' ಅನ್ನೋದು ದಾರಿಯಲ್ಲೇ ಸೋರಿಹೋಯಿತು. ಅದರ ಮೇಲೆ ಹೊಸ ಹೊಸ ಕಾರ್ಯಕ್ರಮಗಳು ಬರುತ್ತಲೇ ಇದ್ದವು. ಶಿಕ್ಷಕರು ಯಾವುದನ್ನು ಅಂತ ನಂಬಬೇಕು ಹೇಳಿ?

ನಾನು ಕಣ್ಣಾರೆ ಕಂಡ ಬದಲಾವಣೆ ತುಂಬಾ ಚಿಕ್ಕದು. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆ ಅಂದರೆ ಸುತ್ತೋಲೆ ಓದುವುದು, ಸಹಿ ಹಾಕುವುದು, ಕಾಫಿ ಕುಡಿದು ಏಳುವುದು, ಅಷ್ಟೇ ಆಗಿತ್ತು. ಒಂದು ಸಲ ಎಲ್ಲರಿಗೂ ಹೇಳಿದೆ: ಮುಂದಿನ ತಿಂಗಳು ನಿಮ್ಮ ತರಗತಿಯ ಇಬ್ಬರು ಮಕ್ಕಳ ನೋಟ್‌ಬುಕ್ ತನ್ನಿ, ಸುತ್ತೋಲೆ ಕೊನೆಗೆ ಓದೋಣ.

ಒಬ್ಬರು ತಂದ ಪುಸ್ತಕದಲ್ಲಿ 'ಆಲು', 'ಅಸು', 'ಊವು' ಅಂತಿತ್ತು. ಪ್ರತಿ ಪುಟದಲ್ಲೂ ಕೆಂಪು ಗೀಟು. ಇನ್ನೊಬ್ಬ ಟೀಚರ್ ಅದನ್ನು ಓದಿ, "ಈ ಮಗು ತಪ್ಪು ಬರೆದಿಲ್ಲ, ಮನೇಲಿ ಕೇಳಿದ್ದನ್ನ ಸರಿಯಾಗೇ ಬರೆದಿದೆ" ಅಂದರು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಯಾಕೆಂದರೆ ಆ ಮಗು ಎಲ್ಲರ ತರಗತಿಯಲ್ಲೂ ಇತ್ತು! ಅವತ್ತೇ ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ಆಲು-ಹಾಲು, ಅಸು-ಹಸು ಅಂತ ಜೋಡಿ ಕಾರ್ಡು ಬರೆದರು. ಅವು ಬೀರು ಸೇರಲಿಲ್ಲ. ಹರಿದವು, ಮತ್ತೆ ಬರೆದರು.

ಇದು ರೂಢಿಯಾಗಲು ಎರಡು ವರ್ಷ ಬೇಕಾಯಿತು. ಆ ನಡುವೆ ಮೇಲಧಿಕಾರಿಗಳು ಬದಲಾದರು, ನನಗೂ ವರ್ಗವಾಯಿತು. ಮೊನ್ನೆ ಅಲ್ಲಿನ ಟೀಚರ್ ಒಬ್ಬರು ಸಿಕ್ಕಿದ್ದರು. ಸಭೆಗೆ ಈಗಲೂ ಎರಡು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡೇ ಹೋಗ್ತಾರಂತೆ.