ಹಳದಿ ಪಿನ್ ಹಸಿರು ತೂತಿಗೆ

ಮೊನ್ನೆ ಡೊಂಬಿವ್ಲಿಯಿಂದ ಫೋನು. "ಅಣ್ಣಾ, ಮದುವೆ ಕ್ಯಾಸೆಟ್ ಹಾಕಿದ್ರೆ ಎಲ್ಲ ಕಪ್ಪು-ಬಿಳುಪು ಕಾಣ್ತದೆ. ವಿಸಿಆರ್ ಹಾಳಾಯ್ತಾ?" ಮಗ 55 ಇಂಚಿನ ಟಿವಿ ತಂದಿದ್ದಾನೆ, ಅಮ್ಮ ಅಟ್ಟದಿಂದ ಹಳೇ ವಿಸಿಆರ್, ಅಂದರೆ ವೀಡಿಯೊ ಕ್ಯಾಸೆಟ್ ಓಡಿಸುವ ಯಂತ್ರ, ಇಳಿಸಿದ್ದಾರೆ. "ಚಿತ್ರ ಅಲುಗಾಡದೆ ನಿಂತಿದೆ ಅಂದ್ರೆ ವಿಸಿಆರ್ ಗಟ್ಟಿ ಇದೆ ಅಮ್ಮಾ, ಬರ್ತೇನೆ" ಅಂದೆ.

ವಿಸಿಆರಿನಿಂದ ಚಿತ್ರ ಬರುವುದು ಹಳದಿ ಪಿನ್ನಿನ ತಂತಿಯಲ್ಲಿ. ಆ ಟಿವಿಯ ಹಿಂದೆ ಹಳದಿ ತೂತೇ ಇಲ್ಲ. ಹಸಿರು, ನೀಲಿ, ಕೆಂಪು, ಪಕ್ಕದಲ್ಲಿ ಶಬ್ದಕ್ಕೆ ಬಿಳಿ ಮತ್ತೊಂದು ಕೆಂಪು. ಅಮ್ಮ ಅಂದಾಜಿನಲ್ಲಿ ಹಳದಿ ಪಿನ್ ಹಸಿರಿಗೆ ಚುಚ್ಚಿದ್ದರು. ಅದು ಸರಿಯೇ. ಅಲ್ಲಿ ಸಣ್ಣಕ್ಷರದಲ್ಲಿ 'ವೀಡಿಯೊ' ಅಂತಲೂ ಇತ್ತು. ತಪ್ಪಿದ್ದು ರಿಮೋಟಿನಲ್ಲಿ: ಸೋರ್ಸ್ 'ಕಾಂಪೊನೆಂಟ್' ಆಗಿತ್ತು. ಹಳದಿ ತಂತಿಯ ಚಿತ್ರಕ್ಕಿರುವ 'ಎವಿ' ಮಾಡಿದೆ, ಧಾರೆ ಸೀರೆಗೆ ಕೆಂಪು ಬಂತು.

ಕಾರಣ ಹೇಳಬೇಕು. ವಿಸಿಆರಿನ ಹಳದಿ ತಂತಿಯಲ್ಲಿ ಬೆಳಕೂ ಬಣ್ಣವೂ ಒಟ್ಟಿಗೇ ಬರುತ್ತವೆ; ನಮ್ಮ ದೇಶದ ಬಣ್ಣದ ಟಿವಿಯ 'ಪಾಲ್' ಪದ್ಧತಿಯಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ಅಲೆಯ ಮೇಲೆ ಕೂತು ಬರುವುದು. ಕಾಂಪೊನೆಂಟಿನಲ್ಲಿ ಹಾಗಲ್ಲ. ಹಸಿರು ತಂತಿಗೆ ಬೆಳಕು ಮಾತ್ರ, ಬಣ್ಣಕ್ಕೆ ನೀಲಿ, ಕೆಂಪು ಬೇರೆ. ಹಾಗಾಗಿ ಟಿವಿ ಬೆಳಕನ್ನಷ್ಟೇ ತೆಗೆದುಕೊಂಡಿತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ಮನೆಮನೆಯ ಕಪ್ಪು-ಬಿಳುಪು ಸೆಟ್ಟುಗಳೂ ಮಾಡಿದ್ದು ಇದನ್ನೇ.

ಕೆಲವು ಟಿವಿಗಳಲ್ಲಿ ಬಣ್ಣದ ತೂತುಗಳಿಲ್ಲ, ಇಯರ್‌ಫೋನಿನಂಥ 3.5 ಮಿಲಿಮೀಟರ್ ತೂತು ಒಂದೇ. ಅದಕ್ಕೆ ಟಿವಿಯ ಜೊತೆ ಒಂದು ಗಿಡ್ಡ ಕೇಬಲ್ ಬಂದಿರುತ್ತದೆ. ಡಬ್ಬ ಬಿಸಾಡುವ ಮೊದಲು ಅದನ್ನು ಎತ್ತಿಡಿ ಮಾರಾಯ್ರೆ. ಪಿನ್ನಿನ ನಾಲ್ಕು ಬಳೆಗಳಲ್ಲಿ ಗ್ರೌಂಡ್ ಯಾವುದು, ಚಿತ್ರ ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೇ ಕ್ಯಾಮೆರಾದ ಕೇಬಲ್ ಹಾಕಿದರೆ ಒಮ್ಮೊಮ್ಮೆ ಚಿತ್ರ ಕೆಂಪು ಪಿನ್ನಿನಲ್ಲಿ ಸಿಗುತ್ತದೆ, ಒಮ್ಮೊಮ್ಮೆ ಬರೀ ಗುಂಯ್ ಶಬ್ದ.

ಟಿವಿಯಲ್ಲಿ ಎಚ್‌ಡಿಎಂಐ (ಚಿತ್ರ, ಶಬ್ದ ಎರಡೂ ಡಿಜಿಟಲ್ ಆಗಿ ಬರುವ ಚಪ್ಪಟೆ ತೂತು) ಬಿಟ್ಟು ಏನೂ ಇಲ್ಲದಿದ್ದರೆ ಕನ್ವರ್ಟರ್ ಬೇಕು. ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ಆದರೆ ಒಂದೇ ಗಾತ್ರದ ಎರಡು ಡಬ್ಬಿ ಇರುತ್ತವೆ, ಒಂದು ಎವಿಯಿಂದ ಎಚ್‌ಡಿಎಂಐಗೆ, ಇನ್ನೊಂದು ಅದರ ತಿರುವುಮುರುವು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಿಮಗೆ ಬೇಕಾದ್ದರಲ್ಲಿ ಹಳದಿ-ಬಿಳಿ-ಕೆಂಪು ತೂತುಗಳ ಮೇಲೆ 'ಇನ್‌ಪುಟ್' ಅಂತ ಇರಬೇಕು. ಬರೀ ಕೇಬಲ್ಲಿನಂತೆ ಕಾಣುವ, ಒಂದು ತುದಿಗೆ ಮೂರು ಬಣ್ಣ, ಇನ್ನೊಂದಕ್ಕೆ ಎಚ್‌ಡಿಎಂಐ ಇರುವ ಅಗ್ಗದ ಮಾಲನ್ನು ಮುಟ್ಟಬೇಡಿ. ಒಳಗೆ ಸರ್ಕ್ಯೂಟ್ ಇಲ್ಲದೆ ಅದು ಏನನ್ನೂ ಬದಲಿಸದು. ಒಮ್ಮೆ ನಾನೇ ಗಡಿಬಿಡಿಯಲ್ಲಿ ತಿರುವುಮುರುವು ಡಬ್ಬಿ ಹಿಡಿದು ಮುಲುಂಡಿಗೆ ಹೋಗಿ, ಚಾ ಕುಡಿದು ಗ್ರಾಂಟ್ ರೋಡಿಗೆ ವಾಪಸ್ ಲೋಕಲ್ ಹತ್ತಿದ್ದೇನೆ.

ಇಷ್ಟೆಲ್ಲ ಜೋಡಿಸುವ ಮೊದಲು ಕ್ಯಾಸೆಟ್ ನೋಡಿ. ಮುಂಬಯಿಯ ಮಳೆಗಾಲಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ಸುರುಳಿಯ ಮೇಲೆ ಬಿಳಿ ಪುಡಿ ಕಾಣುತ್ತದೆ. ಹಾಗಿದ್ದರೆ ಒಳಗೆ ತಳ್ಳಬೇಡಿ. ವಿಸಿಆರಿನೊಳಗೆ ಟೇಪನ್ನು ಓದುವ, ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ಡಿಗೆ ಅದು ಮೆತ್ತಿಕೊಂಡು, ಮುಂದೆ ಹಾಕಿದ ಒಳ್ಳೇ ಕ್ಯಾಸೆಟ್ಟಿಗೂ ಅಂಟುತ್ತದೆ.

ಅಂದಹಾಗೆ, ಈ ವಿಎಚ್‌ಎಸ್ ಜಾತಿಯ ಟೇಪಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ವಿವರ ಇರುವುದು. 55 ಇಂಚಿನಲ್ಲಿ ಮಸುಕಾಗಿಯೇ ಕಾಣುತ್ತದೆ, ಶಾರ್ಪ್‌ನೆಸ್ ಏರಿಸಿದರೆ ಮರಳು ಉದುರಿದಂತಾಗುತ್ತದೆ. ಅಳತೆಯನ್ನು ಮಾತ್ರ 4:3ಕ್ಕೆ, ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲಿನ ಹಳೇ ಟಿವಿಯ ಆಕಾರಕ್ಕೆ ಇಡಿ. ಆ ಅಮ್ಮನ ಮನೆಯಲ್ಲಿ ಅದನ್ನೂ ಮಾಡಿದೆ. ಎರಡೂ ಕಡೆ ಕಪ್ಪು ಪಟ್ಟಿ ಬಂತು, ಮದುಮಗ ಸಪೂರ ಆದ. "ಹಾಂ, ಇವರು ಆಗ ಹೀಗೇ ಇದ್ದದ್ದು" ಅಂದರು ಅಮ್ಮ. ಯಜಮಾನರು ಸೋಫಾದಲ್ಲಿ ಹೊಟ್ಟೆ ಒಳಗೆಳೆದುಕೊಂಡು ಕೂತರು.