ನಾಯಿ ಕಚ್ಚಿದ ಕೋಳಿಯ ಬಾಯಿಗೆ ನೀರು ಹುಯ್ಯಬೇಡಿ

ಪ್ರಶ್ನೆ: ನಿನ್ನೆ ಸಂಜೆ ನಮ್ಮ ಹೇಂಟೆಯನ್ನು ಬೀದಿನಾಯಿ ಹಿಡಿದಿತ್ತು. ಹೇಗೋ ಬಿಡಿಸಿಕೊಂಡೆವು. ಬೆನ್ನಿನ ಪುಕ್ಕ ಕಿತ್ತುಹೋಗಿದೆ, ಚರ್ಮ ಹರಿದಿದೆ. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದೆ, ಏನೂ ತಿನ್ನುತ್ತಿಲ್ಲ. ಕೊಕ್ಕು ಬಿಡಿಸಿ ಎರಡು ಸಲ ನೀರು ಹುಯ್ದೆವು, ಅರಿಶಿನ ಹಚ್ಚಿದೆವು. ಬದುಕುತ್ತಾ? ಇನ್ನೇನು ಮಾಡಬೇಕು?

ಬದುಕಬಹುದು. ಕೋಳಿ ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ ಜೀವ. ಆದರೆ ದಯವಿಟ್ಟು ಮೂರನೇ ಸಲ ನೀರು ಹುಯ್ಯಬೇಡಿ.

ಒಬ್ಬರ ಕೋಳಿಯನ್ನು ನಾಯಿ ಹಿಡಿದಿರುತ್ತೆ, ಇನ್ನೊಬ್ಬರದನ್ನು ಬೆಕ್ಕು, ಮತ್ತೊಬ್ಬರದನ್ನು ಮುಂಗುಸಿ. ಪ್ರಶ್ನೆಯಲ್ಲಿ ಆ ಒಂದು ಸಾಲು ಮಾತ್ರ ತಪ್ಪದೆ ಇರುತ್ತೆ: 'ಬಾಯಿಗೆ ನೀರು ಹುಯ್ದೆವು.' ಬೇಡ ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬರೀ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಇವತ್ತು ಯಾಕೆ ಬೇಡ ಅನ್ನುವುದನ್ನೇ ಬಿಡಿಸಿ ಹೇಳುತ್ತೇನೆ.

ಈ ರೂಢಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಯಾರಾದರೂ ತಲೆ ತಿರುಗಿ ಬಿದ್ದರೆ ನಾವು ಮೊದಲು ಓಡುವುದು ನೀರಿಗೆ. ಕೂಸಿಗೆ ಒಳಲೆಯಲ್ಲಿ ಔಷಧಿ ಕುಡಿಸುತ್ತೇವೆ. ಹೊಟ್ಟೆ ಉಬ್ಬಿದ ಎತ್ತಿಗೆ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಕಷಾಯ ಹುಯ್ಯುತ್ತೇವೆ. ಅದೇ ಕೈ ಕೋಳಿಯ ಕೊಕ್ಕನ್ನೂ ಬಿಡಿಸುತ್ತದೆ. ಪ್ರೀತಿಯಿಂದಲೇ ಮಾಡುವುದು, ಅಲ್ವಾ? ಆದರೆ ಕೋಳಿಯ ಬಾಯಿ ಎತ್ತಿನ ಬಾಯಿಯ ಹಾಗಿಲ್ಲ.

ಆರೋಗ್ಯವಾಗಿರುವ ಕೋಳಿಯೊಂದನ್ನು ಮಡಿಲಲ್ಲಿ ಕೂರಿಸಿಕೊಂಡು ಕೊಕ್ಕನ್ನು ಮೆಲ್ಲಗೆ ಬಿಡಿಸಿ, ಬೆಳಕಿನಲ್ಲಿ ನೋಡಿ. ಬಾಣದ ಮೊನೆಯಂಥ ನಾಲಿಗೆ ಕಾಣುತ್ತದೆ. ಅದರ ಹಿಂದೆಯೇ ಉದ್ದಕ್ಕೆ ಒಂದು ಸೀಳು. ಗಮನವಿಟ್ಟು ನೋಡಿದರೆ ಅದು ತೆರೆದುಕೊಳ್ಳುತ್ತಾ ಮುಚ್ಚಿಕೊಳ್ಳುತ್ತಾ ಇರುತ್ತದೆ. ಅದೇ ಉಸಿರಿನ ಬಾಯಿ. ನಮ್ಮ ಗಂಟಲಿನಲ್ಲಿ ಉಸಿರುಕೊಳವೆಗೆ ಒಂದು ಮುಚ್ಚಳ ಇದೆ, ನುಂಗುವಾಗ ಅದು ಬಾಗಿ ಅಡ್ಡ ನಿಲ್ಲುತ್ತದೆ. ಕೋಳಿಗೆ ಆ ಮುಚ್ಚಳವೇ ಇಲ್ಲ. ನುಂಗುವಾಗ ಅದು ಆ ಸೀಳನ್ನೇ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಎಚ್ಚರವಿರುವ ಕೋಳಿ ಇದನ್ನು ಸಲೀಸಾಗಿ ಮಾಡುತ್ತದೆ. ಕೊಕ್ಕು ಅದ್ದಿ ಒಂದಿಷ್ಟು ನೀರು ತುಂಬಿಕೊಂಡು, ತಲೆ ಮೇಲೆತ್ತಿ ಇಳಿಸಿಕೊಳ್ಳುತ್ತದೆ. ಗಾಬರಿಯಲ್ಲಿ ಸೋತು ಕತ್ತು ಜೋತುಬಿದ್ದ ಕೋಳಿಗೆ ಅಷ್ಟು ಹಿಡಿತ ಇರುವುದಿಲ್ಲ. ನೀವು ಹುಯ್ದ ನೀರು ನೇರವಾಗಿ ಆ ಸೀಳಿಗೆ ಇಳಿಯುತ್ತದೆ.

ಕೆಮ್ಮಿ ಹೊರಗೆ ಹಾಕಲಿ ಅಂದರೆ ಅದೂ ಕಷ್ಟ. ನಾವು ಜೋರಾಗಿ ಕೆಮ್ಮುವುದಕ್ಕೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ. ಹಕ್ಕಿಗಳಿಗೆ ಅಂಥ ವಪೆ ಇಲ್ಲ. ಅದೂ ಅಲ್ಲದೆ ಅವುಗಳ ಶ್ವಾಸಕೋಶಕ್ಕೆ ಮೈಯೊಳಗೆ ಹರಡಿದ ಗಾಳಿಚೀಲಗಳು ಅಂಟಿಕೊಂಡಿವೆ. ಒಳಗೆ ಹೋದ ನೀರು ವಾಪಸ್ ಬರುವುದು ಸುಲಭವಲ್ಲ. ಜಾಸ್ತಿ ಹೋದರೆ ಕೋಳಿ ಕೈಯಲ್ಲೇ ಹೋಗುತ್ತದೆ. ಸ್ವಲ್ಪ ಹೋದರೆ ಎರಡು ದಿನ ಗೊರಗೊರ ಅಂದು ಸೋಂಕಾಗಿ ಸಾಯಬಹುದು. ಆಮೇಲೆ 'ನಾಯಿ ಹಲ್ಲಿನ ನಂಜು' ಅನ್ನುತ್ತೇವೆ.

ನಾನೂ ಹಾಗೇ ಅಂದಿದ್ದೆ. ನಮ್ಮ ಮನೆಯಲ್ಲಿ ಚುಕ್ಕೆ ಹೇಂಟೆ ಒಂದಿತ್ತು. ಮುಂಗುಸಿ ಹಿಡಿದು ಬಿಟ್ಟಿತ್ತು. ಕತ್ತಿನ ಹತ್ತಿರ ಅಕ್ಕಿ ಕಾಳಿನಷ್ಟು ಎರಡು ತೂತು, ರಕ್ತ ಹೆಚ್ಚಿರಲಿಲ್ಲ. ಚಮಚದಲ್ಲಿ ನೀರು ಹುಯ್ದೆ. ಒಂದು ಸಲ ತಲೆ ಕೊಡವಿತು, ಮೂಗಿನ ತೂತಿನಿಂದ ನೀರು ಗುಳ್ಳೆಗುಳ್ಳೆಯಾಗಿ ಬಂತು, ರೆಕ್ಕೆ ಎರಡು ಸಲ ಬಡಿಯಿತು. ಅಷ್ಟೇ. ಆ ಗುಳ್ಳೆ ಏನು ಅಂತ ನನಗೆ ಅರ್ಥವಾಗಿದ್ದು ವರ್ಷಗಳ ಮೇಲೆ, ಪಶುವೈದ್ಯರೊಬ್ಬರು ಕೊಕ್ಕು ಬಿಡಿಸಿ ಆ ಸೀಳನ್ನು ತೋರಿಸಿದಾಗ. ಅವತ್ತಿನಿಂದ ನಾನು ಯಾವ ಕೋಳಿಯ ಬಾಯಿಗೂ ನೀರು ಹುಯ್ದಿಲ್ಲ. ಆಮೇಲೆ ಗಾಯಗೊಂಡ ಎಷ್ಟೋ ಕೋಳಿಗಳು ಎದ್ದು ಓಡಾಡಿವೆ.

ಹಾಗಾದರೆ ನೀರು ಕೊಡುವುದೇ ಬೇಡವೇ? ಬೇಕು. ಆದರೆ ಮೊದಲು ಬಿಸುಪು ಬೇಕು. ಕೋಳಿಯ ಮೈ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮಗಿಂತ ಜಾಸ್ತಿ. ಪುಕ್ಕ ಹೋಗಿ, ರಕ್ತ ಹೋಗಿ, ಹೆದರಿ ಕೂತಾಗ ಅದು ಬೇಗ ತಣ್ಣಗಾಗುತ್ತದೆ. ರಟ್ಟಿನ ಡಬ್ಬಕ್ಕೆ ಹಳೇ ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದೇ ಪಕ್ಕಕ್ಕೆ ಇಡಿ. ಸೆಕೆಯಾದರೆ ಇನ್ನೊಂದು ಪಕ್ಕಕ್ಕೆ ಸರಿಯಲು ಜಾಗ ಇರಲಿ. ಡಬ್ಬಕ್ಕೆ ಗಾಳಿ ಆಡುವ ಹಾಗೆ ತೂತು ಮಾಡಿ, ಕತ್ತಲು ಮಾಡಿ, ಸುಮ್ನೆ ಬಿಡಿ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಇಣುಕಿ ನೋಡುವುದು ಬೇಡ. ಒಂದೆರಡು ಗಂಟೆಯಲ್ಲಿ ತಲೆ ಎತ್ತಿ ಕೂತರೆ, ಬಟ್ಟಲಲ್ಲಿ ನೀರು ಹಿಡಿದು ಕೊಕ್ಕಿನ ತುದಿಯನ್ನು ಮಾತ್ರ ತಾಗಿಸಿ. ಮೂಗಿನ ತೂತು ಮುಳುಗಬಾರದು. ತಾನಾಗಿ ಕುಡಿದರೆ ಆಯಿತು. ಕುಡಿಯದಿದ್ದರೆ ಬೆರಳ ತುದಿಯಿಂದ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಸವರಿ, ಅದು ನುಂಗುವವರೆಗೆ ಕಾಯಿರಿ. ಓಆರ್‌ಎಸ್ ಇದ್ದರೆ ಅದನ್ನೇ ಕೊಡಬಹುದು. ತಿನ್ನುವ ಮನಸ್ಸು ಬಂದಾಗ ಬೇಯಿಸಿದ ಮೊಟ್ಟೆಯ ಹಳದಿ ಅಥವಾ ಮೆತ್ತಗಿನ ಅನ್ನ ಮುಂದಿಡಿ. ಕೋಳಿಗೆ ಮೊಟ್ಟೆ ಕೊಟ್ಟರೆ ತಪ್ಪೇನಿಲ್ಲ.

ಇನ್ನು ಗಾಯ. ನಾಯಿ ಬರೀ ಕಚ್ಚುವುದಿಲ್ಲ, ಹಿಡಿದು ಕೊಡವುತ್ತದೆ. ಹಾಗಾಗಿ ಮೇಲೆ ಚಿಕ್ಕ ತೂತು ಕಂಡರೂ ಒಳಗೆ ಚರ್ಮ ಮಾಂಸದಿಂದ ಬಿಟ್ಟು ಚೀಲದಂತಾಗಿರುತ್ತದೆ. ಟಾರ್ಚ್ ಹಿಡಿದು ಪುಕ್ಕ ಬಿಡಿಸಿ ಮೈಯೆಲ್ಲಾ ನೋಡಿ, ರೆಕ್ಕೆಯ ಅಡಿಯಲ್ಲೂ ನೋಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚಕ್ಕಿಂತ ಸ್ವಲ್ಪ ಕಡಿಮೆ ಪುಡಿ ಉಪ್ಪು ಹಾಕಿ, ಸೂಜಿ ಇಲ್ಲದ ಸಿರಿಂಜಿನಿಂದ ಗಾಯ ತೊಳೆಯಿರಿ. ಆಮೇಲೆ ಬೆಟಾಡಿನ್ ದ್ರಾವಣವನ್ನು ತೆಳು ಟೀ ಬಣ್ಣ ಬರುವಷ್ಟು ನೀರಲ್ಲಿ ಬೆರೆಸಿ ಹಾಕಿ. ಒಂದು ಎಚ್ಚರ: ರೆಕ್ಕೆಯ ಭುಜದ ಮೂಳೆ ಮುರಿದು ಹೊರಗೆ ಕಂಡರೆ ಅಲ್ಲಿಗೆ ನೀರು ಹಾಯಿಸಬೇಡಿ. ಆ ಮೂಳೆ ಟೊಳ್ಳು, ಗಾಳಿಚೀಲಕ್ಕೆ ಸೇರಿಕೊಂಡಿದೆ. ಅಲ್ಲಿ ಹುಯ್ದರೂ ಒಂದೇ, ಬಾಯಿಗೆ ಹುಯ್ದರೂ ಒಂದೇ.

ಅರಿಶಿನ ವಿಷವಲ್ಲ. ಆದರೆ ಡಬ್ಬಿಯ ಪುಡಿ ರಕ್ತದ ಜೊತೆ ಗಟ್ಟಿಯಾಗಿ ಕೂತು ಗಾಯ ಮುಚ್ಚುತ್ತದೆ, ಅಡಿಯಲ್ಲಿ ಕೀವಾಗಿದ್ದರೂ ಕಾಣುವುದಿಲ್ಲ. ಮೆಲ್ಲಗೆ ತೊಳೆದು ತೆಗೆಯಿರಿ. ಕಾಫಿಪುಡಿ, ಬೂದಿಗೂ ಇದೇ ಮಾತು. ಸೀಮೆಎಣ್ಣೆ, ಫಿನಾಯಿಲ್ ಅಂತೂ ಬೇಡವೇ ಬೇಡ.

ಹಲ್ಲಿಗೆ ಹೆದರಿದಷ್ಟೇ ನೊಣಕ್ಕೂ ಹೆದರಬೇಕು. ನಮ್ಮ ಬಿಸಿಲಿಗೆ, ಗಾಯದಲ್ಲಿ ನೊಣ ಇಟ್ಟ ಮೊಟ್ಟೆ ಒಡೆದು ಹುಳ ಆಗಲು ಒಂದು ದಿನವೂ ಬೇಡ. ಗಾಯ ವಾಸಿಯಾಗುವವರೆಗೆ ಸೊಳ್ಳೆಪರದೆ ಹೊದಿಸಿ ಒಳಗೇ ಇಡಿ, ದಿನಕ್ಕೆ ಎರಡು ಸಲ ನೋಡಿ.

ಪಶು ಆಸ್ಪತ್ರೆಗೆ ಒಯ್ಯಲೇಬೇಕು. ನಾಯಿ, ಬೆಕ್ಕಿನ ಹಲ್ಲು ಆಳಕ್ಕೆ ಇಳಿದಿದ್ದರೆ ಆಂಟಿಬಯಾಟಿಕ್ ಬೇಕಾಗುತ್ತದೆ, ಅದನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಹೋಗುವುದು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. 'ಒಂದು ಕೋಳಿಗೆ ಫೋನ್ ಮಾಡೋದಾ' ಅಂತ ಸಂಕೋಚ ಬೇಡ. ಔಷಧಿ ಕೊಟ್ಟ ಮೇಲೆ ಅದರ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತಲೂ ಅಲ್ಲೇ ಕೇಳಿಕೊಳ್ಳಿ. ಮನೆಯ ನೋವಿನ ಮಾತ್ರೆ ಅರೆದು ಹಾಕಬೇಡಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಅವುಗಳ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತಾನವನ್ನೇ ಅಳಿವಿನ ಅಂಚಿಗೆ ತಂದಿತು. ಪಶುಗಳಿಗೆ ಅದನ್ನು ಭಾರತ 2006ರಲ್ಲಿ ನಿಷೇಧಿಸಿತು. ಹಕ್ಕಿಯ ಮೈ ನಮ್ಮ ಮೈಯಲ್ಲ.

ಎರಡನೇ ಮೂರನೇ ದಿನ ಗಾಯದ ಸುತ್ತ ಹಸಿರಾದರೆ ಕೊಳೆಯಿತು ಅಂತ ಕೈಬಿಡಬೇಡಿ. ನಮಗೆ ಪೆಟ್ಟಾದ ಜಾಗ ನೀಲಿಗಟ್ಟುತ್ತದೆ, ಕೋಳಿಗೆ ಹಸಿರುಗಟ್ಟುತ್ತದೆ. ಒಡೆದ ರಕ್ತ ಅವುಗಳ ಮೈಯಲ್ಲಿ ಹಸಿರು ಬಣ್ಣದಲ್ಲೇ ನಿಲ್ಲುತ್ತದೆ, ಅಷ್ಟೇ. ಮೂಗು ಹತ್ತಿರ ಒಯ್ದು ನೋಡಿ. ಕೆಟ್ಟ ವಾಸನೆ ಇದ್ದರೆ ಮಾತ್ರ ಅದು ಕೊಳೆತ.

ಇನ್ನೊಂದು, ಯಾರೂ ಕೇಳದಿದ್ದರೂ ಹೇಳುತ್ತೇನೆ. ಪುಕ್ಕ ಮತ್ತೆ ಬರುತ್ತದೆಯೇ? ಬುಡಸಮೇತ ಕಿತ್ತುಬಂದಿದ್ದರೆ ಬೇಗ ಬರುತ್ತದೆ, ಆರೆಂಟು ವಾರದಲ್ಲಿ ಮೈ ಮುಚ್ಚುತ್ತದೆ. ಅರ್ಧಕ್ಕೆ ಮುರಿದಿದ್ದರೆ ಮುಂದಿನ ಸಲ ಪುಕ್ಕ ಉದುರಿಸುವವರೆಗೆ ಆ ಕಡ್ಡಿ ಹಾಗೇ ಇರುತ್ತದೆ. ಅದನ್ನು ಕೀಳಬೇಡಿ. ಹೊಸ ಪುಕ್ಕ ಮೊದಲು ಮುಳ್ಳಿನಂತೆ ಕಾಣುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ. ಪುಕ್ಕ ಅಂದರೆ ಬಹುಪಾಲು ಪ್ರೋಟೀನ್. ಅದು ಬೆಳೆಯುವವರೆಗೆ ಮೊಟ್ಟೆ ಇಡದಿದ್ದರೆ ಬೈಯಬೇಡಿ. ಬೇಯಿಸಿದ ಹುರುಳಿ, ಮೀನು ಕೊಡಿ.

ಹೊಸ ಮುಳ್ಳುಪುಕ್ಕದ ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ. ಅದಕ್ಕೇ ಗುಂಪಿಗೆ ಸೇರಿಸಲು ಆತುರ ಬೇಡ. ಗಾಯ ವಾಸಿಯಾದ ಮೇಲೆ, ಸೇರಿಸುವ ದಿನದವರೆಗೆ ಮಂಕರಿ ಕವುಚಿ, ಉಳಿದವು ಕಾಣುವ ಹಾಗೆ ಹಗಲು ಹಿತ್ತಲಲ್ಲಿ ಇಡಿ. ಸೇರಿಸುವ ದಿನ ಕತ್ತಲಾದ ಮೇಲೆ ಗೂಡಿನಲ್ಲಿ ಬಿಡಿ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ಒಂದೆರಡು ಸಲ ಅಟ್ಟಾಡಿಸಿದರೆ ಬಿಡಿ. ರಕ್ತ ಬಂದರೆ ಮತ್ತೆ ಮಂಕರಿಗೆ.