ಡಾಂಬರು ರಸ್ತೆಗೆ ಬಿಳಿ ಬಣ್ಣ ಬಳಿದರೆ ಸಾಲದೇ?

ಪ್ರಶ್ನೆ: ಬೇಸಿಗೆಯಲ್ಲಿ ಡಾಂಬರು ರಸ್ತೆ ಮೆತ್ತಗಾಗಿ ಚಪ್ಪಲಿಗೆ ಅಂಟುತ್ತದೆ. ಕಪ್ಪು ಬಣ್ಣ ಬಿಸಿಲು ಹೀರುವುದೇ ಕಾರಣ ಅಂತಾದರೆ ಬಿಳಿ ಬಣ್ಣ ಬಳಿದುಬಿಡಬಹುದಲ್ವಾ? ರಸ್ತೆ ತಂಪಾಗುತ್ತದೆ, ಬಾಳಿಕೆಯೂ ಬರುತ್ತದೆ.

ಉತ್ತರ: ತಂಪು ಸ್ವಲ್ಪ ಸಿಗುತ್ತದೆ. ಬಾಳಿಕೆಗೆ ಬಣ್ಣ ಒಂದನ್ನೇ ನಂಬಿ ಕೂರುವಂತಿಲ್ಲ.

ಹೊಸ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಹೀರಿಕೊಳ್ಳುತ್ತದೆ. ಗಾಳಿ 40 ಡಿಗ್ರಿ ಇರುವ ದಿನ ರಸ್ತೆಯ ಮೈ 60 ಡಿಗ್ರಿ ದಾಟುವುದು ಮಾಮೂಲು. ಜಲ್ಲಿಯನ್ನು ಹಿಡಿದಿಡುವ ಅಂಟು, ಅಂದರೆ ಬಿಟುಮೆನ್, ಸಾಮಾನ್ಯ ದರ್ಜೆಯದ್ದಾದರೆ 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. (ನಾವು ಟಾರ್ ಅಂತೀವಿ. ಅಸಲಿ ಟಾರ್ ಬರುವುದು ಕಲ್ಲಿದ್ದಲಿನಿಂದ. ಈಗ ರಸ್ತೆಗೆ ಹಾಕುವುದು ಕಚ್ಚಾ ತೈಲವನ್ನು ಕಾಯಿಸಿ ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಪದಾರ್ಥ.)

ಅಮೆರಿಕದ ಫೀನಿಕ್ಸ್ ನಗರ 2020ರಲ್ಲಿ ಕೆಲವು ಬಡಾವಣೆಗಳ ರಸ್ತೆಗೆ ತೆಳು ಬೂದು ಬಣ್ಣದ ಲೇಪ ಬಳಿಸಿತು. ಅಚ್ಚ ಬಿಳಿ ಬಳಿದರೆ ಕಣ್ಣು ಕುಕ್ಕುತ್ತದೆ, ನೋಡಿ. ಮಧ್ಯಾಹ್ನದ ಹೊತ್ತಿಗೆ ಲೇಪ ಬಳಿದ ರಸ್ತೆಯ ಮೈ ಸುಮಾರು 6 ಡಿಗ್ರಿ ಕಡಿಮೆ ಬಿಸಿಯಿತ್ತು. ಆದರೆ ರಸ್ತೆ ಹೀರದ ಬಿಸಿಲು ಮಾಯವಾಗುವುದಿಲ್ಲವಲ್ಲ! ತಿರುಗಿ ಮೇಲಕ್ಕೆ ಚಿಮ್ಮಿ, ಅಲ್ಲಿ ನಿಂತವರ ಮೈಗೆ ತಾಗುವ ಬಿಸಿ ಸುಮಾರು 3 ಡಿಗ್ರಿ ಜಾಸ್ತಿಯಾಗಿತ್ತು.

ಇನ್ನು ಬಾಳಿಕೆ. ಸಿಗ್ನಲ್ ಮತ್ತು ಬಸ್ ನಿಲ್ದಾಣದ ಹತ್ತಿರವೇ ರಸ್ತೆ ಚಕ್ರ ಓಡುವ ಜಾಡಿನಲ್ಲಿ ಕುಸಿದು ಕಾಲುವೆಯಂತಾಗಿರುತ್ತದೆ. ಬಿಸಿಲು ಎಲ್ಲ ಕಡೆ ಒಂದೇ ಅಲ್ವಾ, ಅಲ್ಲೇ ಯಾಕೆ? ಬಿಟುಮೆನ್ ಮೇಣದ ಥರ. ಬೆರಳಿಂದ ಟಕ್ಕನೆ ಬಡಿದರೆ ಗಟ್ಟಿ, ನಿಧಾನವಾಗಿ ಒತ್ತಿದರೆ ತಗ್ಗು. ಓಡುವ ಲಾರಿಗಿಂತ ನಿಂತ ಲಾರಿಯ ಏಟೇ ಜೋರು. ಇಂಥ ಕಡೆ ಎಸ್‌ಬಿಎಸ್ ಎಂಬ ಪಾಲಿಮರ್ ಅಥವಾ ಹಳೆ ಟೈರಿನ ರಬ್ಬರ್ ಪುಡಿ ಬೆರೆಸಿದ ಬಿಟುಮೆನ್ ಹಾಕುತ್ತಾರೆ. ಒತ್ತಿದರೂ ಅದು ರಬ್ಬರಿನಂತೆ ವಾಪಸ್ ಬರುತ್ತದೆ. ಅಷ್ಟೇ ಮುಖ್ಯವಾದದ್ದು ಜಲ್ಲಿ. ಒಡೆದ, ಮೂಲೆಮೂಲೆಯ ಕಲ್ಲು ಒಂದಕ್ಕೊಂದು ಕಚ್ಚಿಕೊಂಡರೆ ಅಂಟು ಮೆತ್ತಗಾದರೂ ಭಾರವನ್ನು ಕಲ್ಲೇ ಹೊರುತ್ತದೆ. ನುಣ್ಣನೆಯ ಗುಂಡುಕಲ್ಲು ಜಾರುತ್ತದೆ.

ಬಿಸಿಲಿಗೆ ಇನ್ನೊಂದು ಮುಖವೂ ಇದೆ. ಬಿಸಿ ಮತ್ತು ಗಾಳಿ ಸೇರಿ ವರ್ಷಗಟ್ಟಲೆ ಬಿಟುಮೆನ್ನನ್ನು ಒಣಗಿಸಿ ಪೆಡಸು ಮಾಡುತ್ತವೆ. ಆಮೇಲೆ ಬಿರುಕು, ಬಿರುಕಿಗೆ ನೀರು, ನೀರಿನಿಂದ ಗುಂಡಿ. ಹಾಕುವಾಗ ಮಿಶ್ರಣ ಆರುವ ಮುಂಚೆ ರೋಲರ್ ಸರಿಯಾಗಿ ಓಡಿಸಬೇಕು. ಒಳಗೆ ನೂರಕ್ಕೆ 8 ಪಾಲಿಗಿಂತ ಜಾಸ್ತಿ ಸಂದು ಉಳಿದರೆ ಗಾಳಿ, ನೀರಿಗೆ ಬಾಗಿಲು ತೆರೆದಿಟ್ಟ ಹಾಗೆ. ನನ್ನ ಕೇಳಿದರೆ ಬಣ್ಣಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ.

ಚಪ್ಪಲಿಗೆ ಅಂಟುವ ರಸ್ತೆಯಲ್ಲಿ ಬಹುಪಾಲು ಬಿಟುಮೆನ್ನೇ ಜಾಸ್ತಿಯಾಗಿ ಮೇಲೆ ಉಕ್ಕಿರುತ್ತದೆ. ತುರ್ತಿಗೆ ಕಲ್ಲುಪುಡಿ ಎರಚಿದರೆ ಅಂಟು ಹೀರಿಕೊಂಡು ಚಕ್ರಕ್ಕೆ ಹಿಡಿತ ಸಿಗುತ್ತದೆ. ಲೇಪ ಬಳಿಯಲೇಬೇಕು ಅಂತಿದ್ದರೆ ಪಾರ್ಕಿಂಗ್ ಜಾಗ, ಸಣ್ಣ ಓಣಿ ಒಳ್ಳೆಯದು. ಭಾರಿ ವಾಹನಗಳು ತಿರುಗುವ ಕಡೆ ಅದು ಬೇಗ ಸವೆಯುತ್ತದೆ. ಜನ ಮಟಮಟ ಮಧ್ಯಾಹ್ನ ನಿಲ್ಲುವ ಜಾಗಕ್ಕೆ ಮಾತ್ರ ಲೇಪ ಬೇಡ, ಮರ ನೆಡಿ.